ಸಂಸಾರ ಗುಟ್ಟು, ವ್ಯಾಧಿ ರಟ್ಟು

ಒಂದು ಶಾಸ್ತ್ರದಷ್ಟು ವಿಚಾರವನ್ನು ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸುವ ಗಾದೆಗಳು ನಮ್ಮಲ್ಲಿ ಕೆಲವುಂಟು. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬುದು ಅಂಥವುಗಳಲ್ಲೊಂದು. ಮನೆಯ ಮಾತು ಮನೆಯೊಳಗೇ ಇರತಕ್ಕದ್ದು. ಕಾಯಿಲೆಯನ್ನು ಮಾತ್ರ ಮುಚ್ಚಿಡದೆ ನಾಲ್ವರಿಗೆ ಹೇಳತಕ್ಕದ್ದು, ಯಾರಾದರೊಬ್ಬರು ಮದ್ದು ಹೇಳಿಯಾರು ಎಂದು ಇದರ ತಾತ್ಪರ್ಯ. ಬಿ.ಎ. ತರಗತಿಯಲ್ಲಿ ಗಾದೆಗಳ ಪಾಠ ಮಾಡುವಾಗ ಇದನ್ನು ಹೀಗೆಯೇ ವಿವರಿಸಿ ಮುಂದೆ ಹೋಗುವುದು ನನ್ನ ಪದ್ಧತಿ. ಕಳೆದ ವರ್ಷ ಹಾಗೆ ಮುಂದೆ ಹೋಗಲು ಒಬ್ಬ ಹುಡುಗ ಬಿಡಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದುತ್ತಿರುವ ಹುಡುಗ. ನೇರವಾಗಿ ಮಾತನಾಡುವ ಸ್ವಭಾವ. “ತಪ್ಪೇ ಮಾಡದವನಿಗೆ ಗುಟ್ಟು ಯಾಕೆ ಬೇಕು, ಸರ್? ಸರ್ಕಾರ ನೋಡಿದರೆ ನೋಡಲಿ. ಹೆದರಬೇಕಾದವನು ಕಳ್ಳ” ಎಂದ.

“ಹಾಗಾದರೆ ನಿನ್ನ ಮೊಬೈಲಿನ ಬೀಗ ತೆಗೆದು ಈ ಮೇಜಿನ ಮೇಲಿಡಪ್ಪ, ಎಲ್ಲರೂ ಓದಲಿ” ಎಂದೆ. ತರಗತಿ ನಕ್ಕಿತು. ಅವನೂ ನಕ್ಕ. ನಕ್ಕು, “ನೀವು ನೋಡುವುದು ಬೇರೆ, ಸರ್, ಪೊಲೀಸಿನವರು ನೋಡುವುದು ಬೇರೆ. ನೀವು ನೋಡಿದರೆ ತಮಾಷೆ. ಅವರು ನೋಡಿದರೆ ನಾಳೆ ಯಾರದಾದರೂ ಜೀವ ಉಳಿದೀತು” ಎಂದ. ನನ್ನ ತಮಾಷೆ ಅವನ ಪ್ರಶ್ನೆಗೆ ಉತ್ತರವಾಗಿರಲಿಲ್ಲವೆಂದು ಆಗಲೇ ನನಗೆ ಗೊತ್ತಾಯಿತು. ಉತ್ತರ ಹುಡುಕುತ್ತ, ರಜೆಯಲ್ಲಿ, ಈ ವಿಷಯದ ಮೇಲೆ ನಮ್ಮ ದೇಶದಲ್ಲಿ ಬರೆಯಲ್ಪಟ್ಟ ಒಂದು ದೊಡ್ಡ ಗದ್ಯವನ್ನು ಓದಲು ಕುಳಿತೆ. ಅದು ಕಾದಂಬರಿಯಲ್ಲ, ಪ್ರಬಂಧವಲ್ಲ. ಸರ್ವೋಚ್ಚ ನ್ಯಾಯಾಲಯದ 547 ಪುಟಗಳ ಒಂದು ತೀರ್ಪು. ಕಾನೂನು ಬಲ್ಲವರು ಅದನ್ನು ಅವರ ರೀತಿಯಲ್ಲಿ ಓದಿದ್ದಾರೆ. ಸಾಹಿತ್ಯ ಪಾಠ ಹೇಳುವವನು ಒಂದು ಗ್ರಂಥವನ್ನು ಓದುವ ರೀತಿಯಲ್ಲಿ, ಏನು ಹೇಳಿದೆ, ಏನು ಬಿಟ್ಟಿದೆ, ಎಲ್ಲಿ ಮಾತು ಗಟ್ಟಿಯಾಗಿದೆ, ಎಲ್ಲಿ ಜಾರಿದೆ ಎಂದು ನೋಡುತ್ತ, ನಾನು ಓದಿದೆ. ಆ ಓದಿನ ಫಲವನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಈ ತೀರ್ಪಿಗೆ ಕಾರಣರಾದವರು ಕನ್ನಡಿಗರು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಕೋಟಿಗಟ್ಟಲೆ ಜನರ ಬೆರಳಚ್ಚು, ಕಣ್ಣಿನ ಗುರುತುಗಳನ್ನು ತೆಗೆದುಕೊಳ್ಳುತ್ತಿದ್ದ ಆ ಯೋಜನೆಗೆ ಆಗ 2009ರ ಒಂದು ಸರ್ಕಾರಿ ಅಧಿಸೂಚನೆಯೇ ಆಧಾರ. ಸಂಸತ್ತಿನ ಕಾನೂನು ಬಂದುದು 2016ರಲ್ಲಿ. ವಾದ ನಡೆಯುತ್ತಿದ್ದಾಗ, 2015ರಲ್ಲಿ, ಸರ್ಕಾರದ ಪರವಾಗಿ ಒಂದು ಮಾತು ಬಂತು: ಖಾಸಗಿತನವೆಂಬ ಮೂಲಭೂತ ಹಕ್ಕೇ ನಮ್ಮ ಸಂವಿಧಾನದಲ್ಲಿ ಇಲ್ಲ. ಇದಕ್ಕೆ 1954ರಲ್ಲಿ ಎಂಟು ನ್ಯಾಯಮೂರ್ತಿಗಳೂ 1962ರಲ್ಲಿ ಆರು ನ್ಯಾಯಮೂರ್ತಿಗಳೂ ಕೊಟ್ಟ ತೀರ್ಪುಗಳು ಸಾಕ್ಷಿ. ಎಂಟು ಜನ ಹೇಳಿದುದನ್ನು ಅಳಿಸಬೇಕಾದರೆ ಒಂಬತ್ತು ಜನ ಬೇಕು. ಹಾಗೆ ಒಂಬತ್ತು ಮಂದಿ ಕುಳಿತು, 2017ರ ಆಗಸ್ಟ್ 24ರಂದು, ಹಕ್ಕು ಇದೆಯೆಂದು ಒಕ್ಕೊರಲಿನಿಂದ ಹೇಳಿದರು. ಪುಟ್ಟಸ್ವಾಮಿಯವರು ಅದನ್ನು ಕಂಡು, 2024ರ ಅಕ್ಟೋಬರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಒಕ್ಕೊರಲು ಎಂದೆನಾದರೂ ಗ್ರಂಥದಲ್ಲಿ ದನಿಗಳು ಆರು. ದೊಡ್ಡದು ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರದು, ನಾಲ್ವರ ಪರವಾಗಿ ಬರೆದುದು. ಚೆಲಮೇಶ್ವರ್, ಬೋಬ್ಡೆ, ನಾರಿಮನ್, ಸಪ್ರೆ, ಕೌಲ್ ಇವರು ಬೇರೆ ಬೇರೆಯಾಗಿ ಬರೆದಿದ್ದಾರೆ. ಓದುವವನ ಮನಸ್ಸಿನಲ್ಲಿ ನಿಲ್ಲುವ ಘಟ್ಟವೊಂದು ಚಂದ್ರಚೂಡರ ಬರಹದಲ್ಲಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅಕ್ರಮವಾಗಿ ಬಂಧಿತನಾದವನು ಜೀವ ಮತ್ತು ಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದ್ದರು, ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ನಾಲ್ವರಲ್ಲಿ ವೈ. ವಿ. ಚಂದ್ರಚೂಡರೂ ಒಬ್ಬರು. ಮಗ ಕುಳಿತು, ತಂದೆ ಒಪ್ಪಿದ್ದ ಆ ತೀರ್ಪು ತಪ್ಪೆಂದು ಬರೆದು ತಳ್ಳಿಹಾಕಿದ್ದಾರೆ. ಉದ್ವೇಗವಿಲ್ಲ, ಕ್ಷಮಾಪಣೆಯ ಸೋಗಿಲ್ಲ. ಬೇಕಾದಷ್ಟು ಹೇಳಿ ಸುಮ್ಮನಾಗಿದ್ದಾರೆ. ಇಡೀ ಗ್ರಂಥದಲ್ಲಿ ಗದ್ಯ ಇಷ್ಟು ಸಂಯಮದಿಂದ ನಡೆದಿರುವ ಸ್ಥಳ ಇನ್ನೊಂದು ನನಗೆ ಕಾಣಲಿಲ್ಲ.

ತಳ್ಳಿಹಾಕಲ್ಪಟ್ಟ ಇನ್ನೊಂದು ತೀರ್ಪು 1962ರ ಖರಕ್ ಸಿಂಗ್ ಮೊಕದ್ದಮೆಯದು. ಇದರ ಕಥೆಯನ್ನು ತಿಳಿದರೆ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಉತ್ತರ ಪ್ರದೇಶದ ಖರಕ್ ಸಿಂಗನನ್ನು 1941ರಲ್ಲಿ ದರೋಡೆಯ ಮೇಲೆ ಹಿಡಿದು, ಸಾಕ್ಷ್ಯವಿಲ್ಲದ ಕಾರಣ ಬಿಟ್ಟರು. ಬಿಟ್ಟರಾದರೂ ಅವನ ಹೆಸರಿನಲ್ಲಿ ಒಂದು ಪುಸ್ತಕ ತೆರೆದರು. ಅಲ್ಲಿಂದ ಮುಂದೆ ಪೊಲೀಸಿನವರು ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುವುದು, ಕೂಗಿ ಎಬ್ಬಿಸುವುದು, ಬೇರೆ ಊರಿಗೆ ಹೋಗಬೇಕಾದರೆ ಹೇಳಿ ಹೋಗು ಎನ್ನುವುದು. ಈತ ತಪ್ಪು ಮಾಡಿದ್ದನೆಂದು ಯಾವ ನ್ಯಾಯಾಲಯವೂ ಹೇಳಿರಲಿಲ್ಲ. ‘ತಪ್ಪು ಮಾಡದವನಿಗೆ ಭಯವೇಕೆ’ ಎಂಬ ಮಾತನ್ನು ಖರಕ್ ಸಿಂಗನ ಮನೆಯ ಬಾಗಿಲಲ್ಲಿ ನಿಂತು ಹೇಳಿನೋಡಬೇಕು. ತಪ್ಪು ಯಾವುದು, ಮಾಡಿದವನು ಯಾರು ಎಂದು ತೀರ್ಮಾನಿಸುವ ಲೇಖನಿ ಬಾಗಿಲು ಬಡಿಯುವವನ ಕೈಯಲ್ಲೇ ಇದ್ದರೆ, ನಿರಪರಾಧಿ ಎಂಬ ಮಾತಿಗೆ ಅರ್ಥವೇನು ಉಳಿಯಿತು? ಅಂದಿನ ಬಹುಮತದವರು ರಾತ್ರಿ ಬಾಗಿಲು ಬಡಿಯುವುದನ್ನು ತಪ್ಪೆಂದರು. ಆದರೆ ಅದೇ ಉಸಿರಿನಲ್ಲಿ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದರು. ಹಕ್ಕಿಲ್ಲದಿದ್ದರೆ ಬಾಗಿಲು ಬಡಿದರೆ ತಪ್ಪೇನು? ಈ ಒಳವಿರೋಧವನ್ನು ಆಗಲೇ ಕಂಡವರು ಭಿನ್ನಮತ ಬರೆದ ನ್ಯಾಯಮೂರ್ತಿ ಸುಬ್ಬರಾಯರು. ಅವರ ಮಾತು 55 ವರ್ಷ ಕಾದಿದ್ದು 2017ರಲ್ಲಿ ಗೆದ್ದಿತು.

ಈಗ ನನ್ನ ಆಕ್ಷೇಪಣೆ. ನ್ಯಾಯಮೂರ್ತಿ ಬೋಬ್ಡೆಯವರು, ಖಾಸಗಿತನ ಪಶ್ಚಿಮದಿಂದ ಬಂದ ಸರಕಲ್ಲ, ನಮ್ಮ ಹಳಬರೂ ಅದನ್ನು ಬಲ್ಲವರಾಗಿದ್ದರು ಎಂದು ತೋರಿಸುವುದಕ್ಕೆ ಗೃಹ್ಯಸೂತ್ರಗಳನ್ನೂ ರಾಮಾಯಣವನ್ನೂ ಕೌಟಿಲ್ಯನ ಅರ್ಥಶಾಸ್ತ್ರವನ್ನೂ ಕರೆಯುತ್ತಾರೆ. ಒಡೆಯನ ಒಪ್ಪಿಗೆಯಿಲ್ಲದೆ ಪರರ ಮನೆಯನ್ನು ಹೊಗಬಾರದೆಂದು ಅರ್ಥಶಾಸ್ತ್ರ ಹೇಳುತ್ತದೆ ಎಂಬುದು ಅವರ ಮಾತು. ಸರಿಯೆ. ಆದರೆ ಗ್ರಂಥವನ್ನು ಸಾಕ್ಷಿಗೆ ಕರೆದಮೇಲೆ ಅದರ ಹೇಳಿಕೆಯನ್ನು ಪೂರ್ತಿಯಾಗಿ ಕೇಳಬೇಕಲ್ಲವೆ? ಅರ್ಥಶಾಸ್ತ್ರದ ವಿಷಯದಲ್ಲಿ ನಮಗೆ ಸ್ವಲ್ಪ ಸಲಿಗೆ ಉಂಟು. ಶತಮಾನಗಳ ಕಾಲ ಹೆಸರು ಮಾತ್ರವಾಗಿ ಉಳಿದಿದ್ದ ಆ ಗ್ರಂಥದ ತಾಳೆಗರಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ, ಲೋಕಕ್ಕೆ ಕೊಟ್ಟವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ನಗರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯ ಒಂದಿದೆ. ಅಲ್ಲಿ ‘ಗೋಪ’ನೆಂಬ ಅಧಿಕಾರಿ ಬರುತ್ತಾನೆ. ಹತ್ತೋ ಇಪ್ಪತ್ತೋ ನಲವತ್ತೋ ಮನೆಗಳು ಅವನ ಪಾಲಿಗೆ. ಆ ಮನೆಗಳ ಗಂಡಸರು ಹೆಂಗಸರ ಜಾತಿ, ಗೋತ್ರ, ಹೆಸರು, ಕಸುಬು, ಆದಾಯ, ಖರ್ಚು ಎಲ್ಲವನ್ನೂ ಅವನು ತಿಳಿದಿರತಕ್ಕದ್ದು. ಮನೆಗೆ ಬಂದ ಅತಿಥಿಯನ್ನೂ ಹೋದ ಅತಿಥಿಯನ್ನೂ ಮನೆಯೊಡೆಯ ವರದಿ ಮಾಡತಕ್ಕದ್ದು. ಗುಟ್ಟಾಗಿ ಗಾಯಕ್ಕೆ ಮದ್ದು ಮಾಡಿಸಿಕೊಳ್ಳುವವನನ್ನು ವೈದ್ಯ ಅಧಿಕಾರಿಗೆ ತಿಳಿಸತಕ್ಕದ್ದು. ತಿಳಿಸಿದರೆ ವೈದ್ಯನಿಗೆ ದೋಷವಿಲ್ಲ.

ಇವಲ್ಲದೆ ಗೂಢಪುರುಷರು. ಒಂದು ಕಡೆ ನೆಲೆನಿಂತು ಸುದ್ದಿ ಕೂಡಿಸುವವರಲ್ಲಿ ಐದು ಬಗೆ: ಕಪಟಿಯಾದ ವಿದ್ಯಾರ್ಥಿ, ವ್ರತ ಬಿಟ್ಟ ಸಂನ್ಯಾಸಿ, ಗೃಹಸ್ಥ, ವರ್ತಕ, ತಪಸ್ವಿ. ಪಟ್ಟಿಯಲ್ಲಿ ಮೊದಲ ಹೆಸರೇ ವಿದ್ಯಾರ್ಥಿಯದೆಂದು ತರಗತಿಯಲ್ಲಿ ಹೇಳಿದಾಗ ದೊಡ್ಡ ನಗೆ ಎದ್ದಿತು. ಹೀಗೆ, ಮನೆಯ ಬಾಗಿಲನ್ನು ಕಾಯಬೇಕೆಂದ ಗ್ರಂಥವೇ ಆ ಮನೆಗೆ ಬಂದುಹೋಗುವವರನ್ನು ಎಣಿಸಬೇಕೆಂದೂ ಹೇಳುತ್ತದೆ. ಬೋಬ್ಡೆಯವರು ಬಾಗಿಲನ್ನು ತೋರಿಸಿ ಗೋಪನನ್ನು ಬಿಟ್ಟರು. ನಮ್ಮ ಪೂರ್ವಿಕರು ಖಾಸಗಿತನವನ್ನು ಬಲ್ಲರು ಎನ್ನುವುದು ಎಷ್ಟು ನಿಜವೋ ರಾಜ್ಯದ ಕಣ್ಣನ್ನು ಬಲ್ಲರು ಎನ್ನುವುದೂ ಅಷ್ಟೇ ನಿಜ. ಗ್ರಂಥವನ್ನು ಪೂರ್ತಿ ಉದಾಹರಿಸಿದ್ದರೆ ವಾದ ಬಲಹೀನವಾಗುತ್ತಿರಲಿಲ್ಲ. ಕಷ್ಟ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತಿತ್ತು.

ಈ ಸಂದರ್ಭದಲ್ಲಿ ಇನ್ನೊಂದು ಪುಸ್ತಕದ ಮಾತು. ಸರ್ಕಾರ ಇಣುಕಿತೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಸಾಹಿತಿಗಳ ಬಾಯಲ್ಲಿ ಬರುವುದು 1949ರಲ್ಲಿ ಪ್ರಕಟವಾದ ಆರ್ವೆಲನ ‘1984’. ಪೆಗಾಸಸ್ ಎಂಬ ಗೂಢ ತಂತ್ರಾಂಶದ ವಿಷಯದಲ್ಲಿ 2021ರ ಅಕ್ಟೋಬರ್ 27ರಂದು ಸರ್ವೋಚ್ಚ ನ್ಯಾಯಾಲಯ ಮಾಡಿದ ಆಜ್ಞೆಯೂ ಆರ್ವೆಲನ ಮಾತಿನಿಂದಲೇ ಆರಂಭವಾಗುತ್ತದೆ. ಆ ಕಾದಂಬರಿಯ ಬಲವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ನಮ್ಮ ಇಂದಿನ ಸ್ಥಿತಿಗೆ ಅದು ಸರಿಯಾದ ಕನ್ನಡಿಯಲ್ಲವೆಂದು ನನ್ನ ಅಭಿಪ್ರಾಯ. ಅಲ್ಲಿ ನೋಡುವ ಪರದೆಯನ್ನು ಗೋಡೆಗೆ ಹೊಡೆದವರು ಸರ್ಕಾರದವರು. ಇಲ್ಲಿ ನಾವೇ ಕಂತಿನ ಮೇಲೆ ಕೊಂಡು ಜೇಬಿನಲ್ಲಿಟ್ಟುಕೊಂಡು ತಿರುಗುತ್ತೇವೆ, ‘ಒಪ್ಪಿಗೆ’ ಎಂಬಲ್ಲಿ ನಾವೇ ಬೆರಳು ಒತ್ತುತ್ತೇವೆ. ಅಲ್ಲಿ ನೋಡುವವನು ಒಬ್ಬ. ಇಲ್ಲಿ ವರ್ತಕ ಕೂಡಿಸಿದುದನ್ನು ಅಧಿಕಾರಿ ಕೇಳುತ್ತಾನೆ; ಅಧಿಕಾರಿ ಕೂಡಿಸಿದುದರ ಮೇಲೆ ವರ್ತಕನ ಕಣ್ಣು. ಇದು ಆರ್ವೆಲನ ಲೋಕಕ್ಕಿಂತ ಕೌಟಿಲ್ಯನ ಲೋಕಕ್ಕೆ ಹತ್ತಿರ. ಅವನ ವರ್ತಕನೂ ಗೃಹಸ್ಥನೂ ತಂತಮ್ಮ ಕಸುಬನ್ನು ನಿಜವಾಗಿ ನಡೆಸುತ್ತಲೇ ಸುದ್ದಿ ಕೂಡಿಸುವವರು. ಭಯಕ್ಕಿಂತ ಅನುಕೂಲವೇ ಗುಟ್ಟನ್ನು ಹೊರಕ್ಕೆ ತರುತ್ತದೆಂಬುದನ್ನು ಅವನು ಬಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನನ್ನ ವಿದ್ಯಾರ್ಥಿಗೆ ಅನ್ಯಾಯ ಮಾಡಿದಂತೆ. ಅವನು ಜೀವದ ಮಾತನ್ನು ಎತ್ತಿದ್ದ. ಜೀವ ಹೋದುದು ನಮ್ಮ ನಾಡಿನಲ್ಲೇ. 2018ರ ಜುಲೈ 13ರಂದು ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಮುರ್ಕಿ ಎಂಬ ಹಳ್ಳಿಯಲ್ಲಿ ಹೈದರಾಬಾದಿನ ಒಬ್ಬ ಯುವ ಇಂಜಿನಿಯರನ್ನು ಜನ ಹೊಡೆದು ಕೊಂದರು. ಸ್ನೇಹಿತರೊಡನೆ ಆ ಕಡೆ ಬಂದಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟುದೇ ತಪ್ಪಾಯಿತು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಆ ವರ್ಷ ದೇಶದ ಹಲವು ಕಡೆ ಹೀಗೆಯೇ ನಡೆಯಿತು. ಸುಳ್ಳನ್ನು ಮೊದಲು ಹುಟ್ಟಿಸಿದವನು ಯಾರು ಎಂದು ಸರ್ಕಾರ ಕೇಳಿದರೆ ಅದು ದಬ್ಬಾಳಿಕೆಯ ಪ್ರಶ್ನೆಯೆಂದು ತಳ್ಳಿಬಿಡುವುದಕ್ಕಾಗುವುದಿಲ್ಲ. ಗಾದೆಯ ಮಾತಿನಲ್ಲಿ ಹೇಳುವುದಾದರೆ ಇದು ವ್ಯಾಧಿ, ರಟ್ಟಾಗಬೇಕಾದುದು.

2021ರ ಫೆಬ್ರವರಿ 25ರ ನಿಯಮಗಳಲ್ಲಿ ಸರ್ಕಾರ ಇದನ್ನೇ ಕೇಳಿತು: ಐದು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಂಥ ಗಂಭೀರ ಪ್ರಸಂಗಗಳಲ್ಲಿ, ಅಧಿಕೃತವಾದ ಆಜ್ಞೆ ಬಂದರೆ, ಸಂದೇಶವನ್ನು ಮೊದಲು ಕಳುಹಿಸಿದವನ ಗುರುತನ್ನು ದೊಡ್ಡ ಕಂಪನಿಗಳು ಕೊಡತಕ್ಕದ್ದು. ಒಳಗಿನ ಒಕ್ಕಣೆ ಬೇಡ, ಗುರುತು ಸಾಕು ಎಂದೂ ನಿಯಮ ಹೇಳುತ್ತದೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಕಷ್ಟವಿರುವುದು ಯಂತ್ರದ ರಚನೆಯಲ್ಲಿ. ವಾಟ್ಸಾಪ್ 2016ರಿಂದ ತನ್ನಲ್ಲಿ ಹೋಗುವ ಎಲ್ಲ ಸಂದೇಶಗಳಿಗೂ ಬೀಗ ಹಾಕಿ ಕಳುಹಿಸುತ್ತದೆ. ಬೀಗದ ಕೈ ಕಳುಹಿಸಿದವನ ಫೋನಿನಲ್ಲೂ ತಲುಪಿದವನ ಫೋನಿನಲ್ಲೂ ಮಾತ್ರ. ನಡುವೆ ಸಾಗಿಸುವ ಕಂಪನಿಯ ಬಳಿ ಇಲ್ಲ. ಹಳೆಯ ಅಂಚೆಯ ಮಾತಿನಲ್ಲಿ ಹೇಳಬಹುದಾದರೆ, ಇದು ಕಾರ್ಡಲ್ಲ, ಲಕೋಟೆ. ಅದೂ ಅಂಟನ್ನು ಯಾರೂ ಬಿಚ್ಚಲಾಗದ ಲಕೋಟೆ. ಮೇಲಿನ ವಿಳಾಸ ಅಂಚೆಯವನಿಗೆ ಕಾಣುತ್ತದೆ. ಒಳಗಿನ ಮಾತು ಕಾಣುವುದಿಲ್ಲ. ಒಂದು ಸುಳ್ಳಿನ ಮೂಲವನ್ನು ಮುಂದೆ ಎಂದಾದರೂ ಹುಡುಕಬೇಕಾದೀತೆಂದು, ಇಂದು ಸಾಗುವ ಪ್ರತಿಯೊಂದು ಲಕೋಟೆಯ ಮೇಲೂ ಗುರುತು ಹಾಕಿಡಬೇಕಾಗುತ್ತದೆ. ಒಬ್ಬ ಅಪರಾಧಿಗಾಗಿ ಅಪರಾಧ ಮಾಡದ ಕೋಟ್ಯಂತರ ಜನರ ಕಾಗದಗಳಿಗೆ ಗುರುತು. ಇದಕ್ಕೇ ಕಂಪನಿ 2021ರ ಮೇ ತಿಂಗಳಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಬೀಗ ಒಡೆಯಲೇಬೇಕೆಂದರೆ ಈ ದೇಶದಲ್ಲಿ ನಾವಿರಲಾರೆವೆಂದು 2024ರ ಏಪ್ರಿಲಿನಲ್ಲಿ ಅದರ ವಕೀಲರು ಹೇಳಿದರು. ಕಂಪನಿಗೆ ನಮ್ಮ ಮಾನದ ಮೇಲೆ ಅಷ್ಟು ಪ್ರೀತಿಯೆಂದು ನಾನೇನೂ ನಂಬಿಲ್ಲ. ಆದರೆ ಬೀಗಕ್ಕೆ ಇನ್ನೊಂದು ಕೈ ಮಾಡಿಸಿದರೆ ಅದು ಒಳ್ಳೆಯವನ ಸೊಂಟದಲ್ಲೇ ಇರುತ್ತದೆಂದು ಯಾವ ಕಮ್ಮಾರನೂ ಮಾತು ಕೊಡಲಾರ.

ಹಾಗಾದರೆ ಮುರ್ಕಿಯ ಸಾವಿಗೆ ಮದ್ದಿಲ್ಲವೆ? ಉಂಟು. ಆ ಪ್ರಕರಣದಲ್ಲಿಯೇ ಪೊಲೀಸರು ಮೂವತ್ತರಷ್ಟು ಮಂದಿಯನ್ನು ಹಿಡಿದರು; ಬೀಗ ಒಡೆಯುವ ನಿಯಮ ಆಗಿನ್ನೂ ಹುಟ್ಟಿರಲಿಲ್ಲ. ನೂರು ಜನಕ್ಕೆ ಹೋದ ಸಂದೇಶ ನೂರು ಜನರ ಕೈಯಲ್ಲಿ ತೆರೆದೇ ಇರುತ್ತದೆ. ಅವರಲ್ಲೊಬ್ಬನು ತೋರಿಸಿದರೆ ಸಾಕು. ಆ ತಿಂಗಳಲ್ಲೇ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹಾಕಿತು. ಸುಳ್ಳಿನ ಕಾಲಿಗೆ ಹಗ್ಗ ಬಿತ್ತು, ಯಾರ ಲಕೋಟೆಯೂ ಹರಿಯಲಿಲ್ಲ. 2017ರ ತೀರ್ಪಿನಲ್ಲಿ ಹೇಳಿರುವ ಪರೀಕ್ಷೆಯೂ ಇದೇ. ಸರ್ಕಾರ ಒಳಗೆ ಬರಬಹುದು; ಬರುವುದಕ್ಕೆ ಕಾನೂನು ಇರಬೇಕು, ಕಾನೂನಿಗೆ ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚು ಒಳನುಗ್ಗಬಾರದು. ದೇಶದ ರಕ್ಷಣೆ, ಅಪರಾಧದ ತಡೆ ಇವು ನ್ಯಾಯವಾದ ಉದ್ದೇಶಗಳೆಂದು ತೀರ್ಪು ಒಪ್ಪಿದೆ. ಹಕ್ಕನ್ನು ಸಾರಿದ ಗ್ರಂಥ ಹಕ್ಕಿಗೆ ಎಲ್ಲೆಯಿಲ್ಲವೆಂದು ಎಲ್ಲಿಯೂ ಹೇಳಿಲ್ಲ.

ನನ್ನ ಅತೃಪ್ತಿ ಬೇರೆ ಕಡೆ. ಹಕ್ಕಿನ ಹಿರಿಮೆಯನ್ನು ಹೇಳುವಾಗ ಈ ಗದ್ಯ ತುಂಬು ಹೊಳೆಯಂತೆ ಹರಿಯುತ್ತದೆ. ಗ್ರೀಸ್, ಇಂಗ್ಲೆಂಡ್, ಅಮೆರಿಕ ಎಲ್ಲವನ್ನೂ ಸುತ್ತಿ ಬರುತ್ತದೆ. ‘ಅಳತೆ ಮೀರಿತೆಂದು ಅಳೆಯುವವರು ಯಾರು’ ಎಂಬಲ್ಲಿಗೆ ಬಂದಾಗ ಹೊಳೆ ತೆಳುವಾಗುತ್ತದೆ. ದಿನನಿತ್ಯದ ಬಾಳಿನಲ್ಲಿ ಇಡೀ ವಿಷಯ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟುದು ಹಿರಿಯ ವಾಚಕರಿಗೆ ನೆನಪಿರಬಹುದು. 1885ರ ತಂತಿ ಕಾಯಿದೆಯ ಬಲದಿಂದ ನಡೆಯುತ್ತಿದ್ದ ಕದ್ದಾಲಿಕೆಗೆ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಕಟ್ಟುಗಳನ್ನು ಹಾಕಿತು: ಗೃಹ ಕಾರ್ಯದರ್ಶಿಯ ಲಿಖಿತ ಆಜ್ಞೆ ಬೇಕು, ಆಜ್ಞೆಗೆ ಅವಧಿ ಬೇಕು, ಒಂದು ಸಮಿತಿ ಅದನ್ನು ಮತ್ತೆ ನೋಡಬೇಕು. ಒಳ್ಳೆಯ ಕಟ್ಟುಗಳೇ. ಆದರೆ ಆಜ್ಞೆ ಮಾಡುವವನು ಸರ್ಕಾರದ ಕಾರ್ಯದರ್ಶಿ. ಮತ್ತೆ ನೋಡುವ ಸಮಿತಿಯಲ್ಲಿರುವವರೂ ಸರ್ಕಾರದ ಕಾರ್ಯದರ್ಶಿಗಳೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರಾರು? ಕೌಟಿಲ್ಯನೂ ಒಬ್ಬ ಗೂಢಚಾರನ ಮಾತನ್ನು ನಂಬುವುದಿಲ್ಲ. ಒಬ್ಬರನ್ನೊಬ್ಬರು ಅರಿಯದ ಮೂವರು ಒಂದೇ ಮಾತು ಹೇಳಿದರೆ ಮಾತ್ರ ನಂಬು ಎನ್ನುತ್ತಾನೆ. ಬೇರೆ ಬೇರೆಯಾಗಿ ನಿಂತ ಕಣ್ಣುಗಳು ಬೇಕೆಂಬ ವಿವೇಕ ಅದು. ಅವನಲ್ಲಿ ಇಲ್ಲದಿದ್ದುದು ಒಂದು: ನೋಡಲ್ಪಟ್ಟ ಗೃಹಸ್ಥ ‘ಏಕೆ ನೋಡಿದೆ’ ಎಂದು ಕೇಳಲು ಅಲ್ಲಿ ಸ್ಥಳವಿರಲಿಲ್ಲ. ಸಂವಿಧಾನ ಆ ಸ್ಥಳವನ್ನು ಕೊಟ್ಟಿದೆ. ಅಲ್ಲಿ ಕುರ್ಚಿ ಹಾಕುವ ಕೆಲಸ ಇನ್ನೂ ಅರ್ಧವಾಗಿದೆ.

ಅರ್ಧ ಎಂದುದಕ್ಕೆ ಕಾರಣ ಹೇಳುತ್ತೇನೆ. 2018ರ ಸೆಪ್ಟೆಂಬರ್ 26ರಂದು ಆಧಾರ್ ಕಾನೂನನ್ನು ನಾಲ್ವರು ನ್ಯಾಯಮೂರ್ತಿಗಳು ಬಹುಮಟ್ಟಿಗೆ ಎತ್ತಿಹಿಡಿದರು; ಚಂದ್ರಚೂಡರು ಒಬ್ಬರೇ ಭಿನ್ನಮತ ಬರೆದರು. ಎತ್ತಿಹಿಡಿದ ಬಹುಮತದವರೂ ಒಂದು ಕಡೆ ಕತ್ತರಿ ಹಾಕಿದರು. ದೇಶದ ಭದ್ರತೆಗಾಗಿ ಮಾಹಿತಿ ಕೊಡಬೇಕೆಂದು ಜಂಟಿ ಕಾರ್ಯದರ್ಶಿಯೊಬ್ಬನು ಹೇಳಿದರೆ ಸಾಲದು, ಅವನಿಗಿಂತ ಮೇಲಿನವನು ಹೇಳಬೇಕು, ಜೊತೆಗೆ ಒಬ್ಬ ನ್ಯಾಯಾಧಿಕಾರಿಯೂ ಇರಬೇಕು ಎಂದರು. ಬೇರೆ ಮನೆಯ ಕಣ್ಣು ಬೇಕೆಂದುದು ಇಲ್ಲಿ. ಆದರೆ 2023ರ ಆಗಸ್ಟಿನಲ್ಲಿ ಬಂದ ಮಾಹಿತಿ ರಕ್ಷಣೆಯ ಕಾನೂನು, ಭದ್ರತೆ ಮತ್ತು ಸಾರ್ವಜನಿಕ ಶಾಂತಿಯ ಹೆಸರಿನಲ್ಲಿ, ತಾನು ಸೂಚಿಸಿದ ಸರ್ಕಾರಿ ಸಂಸ್ಥೆಗಳನ್ನು ಆ ಕಾನೂನಿನಿಂದಲೇ ಹೊರಗಿಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಪೆಗಾಸಸ್ ವಿಷಯದಲ್ಲಿ, ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ನಡೆದ ಪರಿಶೀಲನೆ, ತಪಾಸಣೆಗೆ ಬಂದ 29 ಫೋನುಗಳಲ್ಲಿ ಐದರಲ್ಲಿ ಏನೋ ಕೆಟ್ಟ ತಂತ್ರಾಂಶವಿದೆ, ಅದು ಪೆಗಾಸಸ್ ಎಂದು ಸಿದ್ಧವಾಗಿಲ್ಲ ಎಂದಿತು. ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿ ಹೇಳಿರುವುದನ್ನು 2022ರ ಆಗಸ್ಟಿನಲ್ಲಿ ನ್ಯಾಯಾಲಯವೇ ತಿಳಿಸಿತು. ಇಲ್ಲವೆಂದೂ ಅಲ್ಲ, ಹೌದೆಂದೂ ಅಲ್ಲ. ಪ್ರಜೆಯ ಗುಟ್ಟು ರಟ್ಟಾಗಬಹುದು, ಸರ್ಕಾರದ ಗುಟ್ಟು ಮಾತ್ರ ಗುಟ್ಟಾಗಿಯೇ ಇರಬೇಕು ಎಂದಾದರೆ ಗಾದೆ ತಲೆಕೆಳಗಾಯಿತು.

ಕನ್ನಡ ಪಾಠ ಹೇಳುವವನಾಗಿ ಎರಡು ಪದಗಳ ವಿಷಯ ಹೇಳಿ ಮುಗಿಸುತ್ತೇನೆ. ನಾವೀಗ ಈ ಹಕ್ಕಿಗೆ ‘ಖಾಸಗಿತನ’ ಎನ್ನುತ್ತೇವೆ. ‘ಖಾಸ್’ ಅರಬ್ಬಿಯಿಂದ ಪಾರಸಿಯ ಮೂಲಕ ಬಂದುದು. ‘ಆಮ್’ ಎಂಬುದಕ್ಕೆ ಎದುರು ಮಾತು. ದಿವಾನ್-ಎ-ಆಮ್ ಸರ್ವರಿಗೆ, ದಿವಾನ್-ಎ-ಖಾಸ್ ದೊರೆ ಮತ್ತು ಅವನು ಕರೆಸಿದವರಿಗೆ. ಒಡೆಯನದಾಗಿದ್ದ ಮಾತು ಕೂಲಿಯವನದೂ ಆಗಿ ನಿಂತಿದೆ. ಪ್ರಜಾಪ್ರಭುತ್ವ ಬಂದುದರ ಗುರುತು ಇಂಥ ಪದಗಳಲ್ಲಿಯೂ ಸಿಗುತ್ತದೆ. ಇನ್ನೊಂದು ‘ಗೋಪ್ಯ’. ಗುಪ್ ಧಾತುವಿಗೆ ಕಾಯುವುದೆಂದು ಅರ್ಥ. ಗೋಪ್ಯ ಎಂದರೆ ಕಾಯಬೇಕಾದುದು. ಕೌಟಿಲ್ಯನ ‘ಗೋಪ’ನೂ ಕಾಯುವವನೇ. ಎರಡು ಶಬ್ದಗಳ ಸಿದ್ಧಿಯನ್ನು ವೈಯಾಕರಣರು ಬೇರೆ ಬೇರೆ ಹೇಳಬಹುದು; ಅರ್ಥ ಮಾತ್ರ ಒಂದೇ ಹಟ್ಟಿಯದು. ಕಾಯಬೇಕಾದುದನ್ನು ಕಾಯುವುದಕ್ಕಾಗಿಯೇ ಕಾಯುವವನು ಇರುವುದು. ಗೋಪ್ಯವನ್ನು ತಿಂದು ಗೋಪನು ಬದುಕುವಂತಿಲ್ಲ.

ಇದನ್ನು ನಾನು ತೀರ್ಪಿನಿಂದ ಕಲಿತುದಲ್ಲ. ನಮ್ಮ ತಂದೆ ಹಳ್ಳಿಯ ಬ್ರಾಂಚ್ ಪೋಸ್ಟ್ ಮಾಸ್ಟರಾಗಿದ್ದರು. ಓದು ಬಾರದವರ ಕಾಗದಗಳನ್ನು ಅವರೇ ಓದಿ ಹೇಳಬೇಕು, ಉತ್ತರವನ್ನೂ ಬರೆದುಕೊಡಬೇಕು. ಊರಿನ ಅರ್ಧ ಸಂಸಾರಗಳ ಗುಟ್ಟು ಅವರ ಹೊಟ್ಟೆಯಲ್ಲಿತ್ತು; ನಮ್ಮ ತಾಯಿಗೂ ಅದರಲ್ಲಿ ಪಾಲು ಸಿಗಲಿಲ್ಲ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಒಬ್ಬ ಹವಾಲ್ದಾರರು ಬಂದು, ಊರಿನ ಒಬ್ಬನಿಗೆ ಬರುವ ಕಾಗದಗಳನ್ನು ನೋಡಬೇಕಾಗಿದೆ, ತೋರಿಸಿ ಎಂದರು. ತಂದೆ ಅವರನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿ, “ಮೇಲಿನಿಂದ ಆರ್ಡರು ತನ್ನಿ ಹವಾಲ್ದಾರ್ರೇ, ತೋರಿಸುತ್ತೇನೆ” ಎಂದರು. “ನಿಮ್ಮ ಕೈಯಲ್ಲೇ ಇದೆಯಲ್ಲ ಮಾಸ್ತರೇ, ಇದಕ್ಕೂ ಆರ್ಡರೇ?” ಎಂದು ಅವರಿಗೆ ಬೇಸರ. “ಕೈಯಲ್ಲಿ ಇರುವುದರಿಂದಲೇ ಆರ್ಡರು ಬೇಕು” ಎಂದರು ತಂದೆ. ಹತ್ತು ದಿನದ ಮೇಲೆ ತಾಲ್ಲೂಕಿನ ಅಂಚೆ ಕಛೇರಿಯ ಮೂಲಕ ಹುಕುಂ ಬಂತು. ತಂದೆ ಎರಡು ಮಾತಾಡದೆ ಕಾಗದವನ್ನು ಮೇಲಕ್ಕೆ ಕಳುಹಿಸಿದರು. ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಟ್ಟರು. ಆ ಮನುಷ್ಯನ ಹೆಸರು ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ರಜೆ ಮುಗಿದ ಮೇಲೆ ಈ ಕಥೆಯನ್ನು ನನ್ನ ವಿದ್ಯಾರ್ಥಿಗೆ ಹೇಳಿದೆ. ಅವನು ಸ್ವಲ್ಪ ಯೋಚಿಸಿ, “ಆ ಹತ್ತು ದಿನದಲ್ಲಿ ಅವನು ತಪ್ಪಿಸಿಕೊಂಡಿದ್ದರೆ, ಸರ್?” ಎಂದ. ನ್ಯಾಯವಾದ ಪ್ರಶ್ನೆ. ಹತ್ತು ದಿನವನ್ನು ಹತ್ತು ನಿಮಿಷ ಮಾಡುವ ಉಪಾಯ ಈ ಕಾಲದಲ್ಲಿ ಬೇಕಾದಷ್ಟುಂಟು. ಆರ್ಡರೇ ಬೇಡವೆನ್ನುವುದು ಆ ಉಪಾಯಗಳಲ್ಲೊಂದಲ್ಲ ಎಂದೆ. “ನಾಳೆ ನೀನೇ ಆ ಹವಾಲ್ದಾರರ ಸ್ಥಾನದಲ್ಲಿ ಇರುತ್ತೀಯಪ್ಪ, ಆಗ ಕೇಳಿಕೋ” ಎಂದೂ ಸೇರಿಸಿದೆ. ಅವನು ತಲೆಯಾಡಿಸಿದ. ಒಪ್ಪಿದನೋ, ಪರೀಕ್ಷೆಯಲ್ಲಿ ಬಂದರೆ ಬರೆಯೋಣವೆಂದುಕೊಂಡನೋ ತಿಳಿಯದು. ವ್ಯಾಧಿಯನ್ನು ವೈದ್ಯನಿಗೆ ಹೇಳಬೇಕು, ಮದ್ದಿಗಾಗಿ ಹೇಳಬೇಕು, ಸಂತೆಗೆ ಹೇಳಬಾರದು. ಗಾದೆಯ ತಾತ್ಪರ್ಯಕ್ಕೆ ಈ ವರ್ಷದಿಂದ ಇಷ್ಟನ್ನು ಸೇರಿಸಿ ಪಾಠ ಮಾಡುತ್ತಿದ್ದೇನೆ.